ಚಿರೇಕಲ್ಲಿನ ಗೋಡೆ, ಏಪ್ರಿಲ್ ಸಿಡಿಲು: ಮೆಶ್ ಬೇಡ, ತಂತಿ ಎಳೆಯಿರಿ

ಪ್ರಶ್ನೆ: ಶಿರಸಿ ತಾಲೂಕಿನ ಹಳ್ಳಿಯಲ್ಲಿ ನಮ್ಮದು ಹಳೇ ಮನೆ. ಚಿರೇಕಲ್ಲಿನ (ಲ್ಯಾಟರೈಟ್) ಗೋಡೆ, ಹೆಂಚಿನ ಮಾಡು. 100 ಎಂಬಿಪಿಎಸ್ ಫೈಬರ್ ಸಂಪರ್ಕದ ಡಬ್ಬಿ ಜಗುಲಿಯಲ್ಲಿದೆ. ಎರಡು ಗೋಡೆ ಆಚೆ ನಡುಮನೆಯಲ್ಲಿ 55 ಇಂಚಿನ 4ಕೆ ಟಿವಿ. ಸಿನಿಮಾ ಮಧ್ಯೆ ಮಧ್ಯೆ ನಿಂತು ಚಕ್ರ ತಿರುಗುತ್ತದೆ. ಮೆತ್ತಿನ (ಮಹಡಿ) ಮೇಲೆ ಮಗಳು ಕಂಪನಿ ಕೆಲಸ ಮಾಡುತ್ತಾಳೆ, ವಿಡಿಯೊ ಕಾಲ್ ಕಡಿದು ಹೋಗುತ್ತದೆ. 60 ಮೀಟರ್ ದೂರದ ಅಡಿಕೆ ಗೋದಾಮಿಗೆ ಕ್ಯಾಮೆರಾ ಬೇಕು. ಕಳೆದ ಏಪ್ರಿಲ್‌ನಲ್ಲಿ ಸಿಡಿಲಿಗೆ ಸೆಟ್‌ಟಾಪ್ ಬಾಕ್ಸ್, ರೂಟರ್ ಮತ್ತು ಟಿವಿಯ ಒಂದು ಎಚ್‌ಡಿಎಂಐ ಪೋರ್ಟ್ ಹೋದವು. ಈಗ ಮನೆತುಂಬ ಸಿಗ್ನಲ್ ಹರಡುವ ಮೂರು ಡಬ್ಬಿಯ ಮೆಶ್ ವೈಫೈ ಮತ್ತು ಮೇಲಿನಿಂದಲೂ ಸದ್ದು ಬಂದಂತೆ ಕೇಳಿಸುವ ಅಟ್ಮಾಸ್ ಸೌಂಡ್‌ಬಾರ್ ತರಬೇಕೆಂದಿದ್ದೇನೆ. ಹಾರ್ಡ್‌ಡಿಸ್ಕ್‌ನಲ್ಲಿರುವ ಹಳೇ ಯಕ್ಷಗಾನದ ವಿಡಿಯೊಗಳನ್ನು ಎಲ್ಲರೂ ಟಿವಿಯಲ್ಲೇ ನೋಡುವಂತೆ ಮಾಡಬೇಕು. ಯಾವುದರಿಂದ ಶುರು ಮಾಡಲಿ?

ಉತ್ತರ: ಮೆಶ್ ಸದ್ಯಕ್ಕೆ ಬೇಡ. ನಿಮ್ಮ ಮನೆಗೆ ಬೇಕಿರುವುದು ತಂತಿ. ಮನೆ ಒಳಗೆ ತಾಮ್ರದ ಕ್ಯಾಟ್ 6 ಎತರ್ನೆಟ್ ಕೇಬಲ್, ಅಂಗಳ ದಾಟಿದ ಮೇಲೆ ಗಾಜಿನ ಫೈಬರ್, ಇವೆರಡಕ್ಕೂ ಮೊದಲು ಅರ್ಥಿಂಗ್. ಈ ಕ್ರಮ ಹಿಂದುಮುಂದಾದರೆ ಇಂದು ತಂದ ಡಬ್ಬಿಗಳನ್ನೇ ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ತರಬೇಕಾದೀತು.

ಮೊದಲು ತೊಂದರೆ ವೈಫೈಯದೋ ಹೊರಗಿನ ಲೈನಿನದೋ ಎಂದು ಖಚಿತಪಡಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ. ಲ್ಯಾಪ್‌ಟಾಪನ್ನು ಫೈಬರ್ ಡಬ್ಬಿಗೆ ಎತರ್ನೆಟ್ ಕೇಬಲ್‌ನಲ್ಲಿ ಸಿಕ್ಕಿಸಿ ವೇಗ ನೋಡಿ. 90ರ ಮೇಲೆ ಬಂದರೆ ಲೈನ್ ಸರಿಯಿದೆ. ಆಮೇಲೆ ಅದೇ ಲ್ಯಾಪ್‌ಟಾಪನ್ನು ಟಿವಿ ಪಕ್ಕ ಇಟ್ಟು, ವೈಫೈ ಮೇಲೆ ರೂಟರಿನ ವಿಳಾಸಕ್ಕೆ (ಹೆಚ್ಚಾಗಿ 192.168.1.1) ಐದು ನಿಮಿಷ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವ ಆದೇಶ) ಬಿಡಿ. ಒಂದೇ ಮನೆಯೊಳಗಿನ ಈ ಓಡಾಟಕ್ಕೆ ಕೆಲವೇ ಮಿಲಿಸೆಕೆಂಡ್ ಸಾಕು. ಅದು ಆಗಾಗ 100, 300ಕ್ಕೆ ಜಿಗಿಯುತ್ತಿದ್ದರೆ ಅಥವಾ ನಡುನಡುವೆ ಉತ್ತರವೇ ಬರದಿದ್ದರೆ ತಪ್ಪು ಗೋಡೆಯದು, ಕಂಪನಿಯದಲ್ಲ. ಫೈಬರ್ ಡಬ್ಬಿಯ ಸೆಟ್ಟಿಂಗ್ಸ್ ಪುಟದಲ್ಲಿ ಬರುವ ಬೆಳಕಿನ ಬಲವನ್ನೂ ನೋಡಿಡಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಚಿಂತೆಯಿಲ್ಲ. ಮೈನಸ್ 27ರ ಆಸುಪಾಸಿಗೆ ಇಳಿದರೆ ಸಂಪರ್ಕ ಅಂಚಿನಲ್ಲಿದೆ ಎಂದರ್ಥ. ಬೇಸಿಗೆಯಲ್ಲಿ ಮೈನಸ್ 21 ಇದ್ದದ್ದು ಜುಲೈಯಲ್ಲಿ ಮೈನಸ್ 26 ಆಗಿದ್ದರೆ ಎಲ್ಲೋ ಜೋಡಣೆಯ ಡಬ್ಬಿಗೆ ನೀರು ಹೊಕ್ಕಿದೆ ಅಥವಾ ಕೊಂಬೆ ಬಿದ್ದು ಕೇಬಲ್ ಮಡಚಿದೆ. ದೂರು ಕೊಡುವಾಗ ‘ನೆಟ್ ಸ್ಲೋ’ ಎನ್ನುವ ಬದಲು ಈ ಎರಡು ಅಂಕಿ ಹೇಳಿ, ಲೈನ್‌ಮನ್ ಎಲ್ಲಿ ಹುಡುಕಬೇಕೋ ಅಲ್ಲೇ ಹುಡುಕುತ್ತಾರೆ.

ನಿಮ್ಮ ವಿವರಣೆ ನೋಡಿದರೆ ಕಾರಣ ಗೋಡೆಯೇ. ಚಿರೇಕಲ್ಲು ದಪ್ಪ, ಮೈತುಂಬ ರಂಧ್ರ, ಮಳೆಗಾಲದಲ್ಲಿ ನೀರು ಹೀರಿ ಕೂರುತ್ತದೆ. ನೀರು ವೈಫೈ ಅಲೆಯನ್ನು ನುಂಗುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಹೇಗೋ ಎಳೆಯುತ್ತಿದ್ದ ಸಿಗ್ನಲ್ ಆಗಸ್ಟ್‌ನಲ್ಲಿ ಕೈಕೊಡುತ್ತದೆ. ವೇಗದ 5 ಗಿಗಾಹರ್ಟ್ಸ್ ಅಲೆ ಇಂಥ ಒಂದು ಗೋಡೆಯನ್ನು ಕಷ್ಟದಲ್ಲಿ ದಾಟುತ್ತದೆ, ಎರಡನ್ನು ದಾಟಿದರೆ ಅದರಲ್ಲಿ ಹುರುಳಿರುವುದಿಲ್ಲ. ಟಿವಿ ಆಗ ನಿಧಾನದ 2.4 ಗಿಗಾಹರ್ಟ್ಸ್ ಅಲೆಗೆ ಇಳಿಯುತ್ತದೆ. ಫೋನಿನ ವೈಫೈ ಆ್ಯಪ್‌ನಲ್ಲಿ ಟಿವಿ ಇರುವ ಜಾಗದ ಸಿಗ್ನಲ್ ಬಲದ ಅಂಕಿ (ಡಿಬಿಎಂ) ನೋಡಿ: ಮೈನಸ್ 60ಕ್ಕಿಂತ ಮೇಲಿದ್ದರೆ ಉತ್ತಮ, ಮೈನಸ್ 67ರ ತನಕ ವಿಡಿಯೊ ನಡೆಯುತ್ತದೆ, ಮೈನಸ್ 75 ದಾಟಿದರೆ ಚಕ್ರ ತಿರುಗುವುದೇ. ಪ್ರತಿ 3 ಡಿಬಿಗೆ ಬಲ ಅರ್ಧಕ್ಕಿಳಿಯುತ್ತದೆ ಎನ್ನುವುದು ನೆನಪಿರಲಿ.

ಮೆಶ್ ಡಬ್ಬಿಗಳೂ ಇದೇ ಗೋಡೆ ದಾಟಿಯೇ ಒಂದಕ್ಕೊಂದು ಮಾತಾಡಬೇಕು. ಎರಡು ಬ್ಯಾಂಡಿನ ಸಾಮಾನ್ಯ ಮೆಶ್ ಒಂದೇ ರೇಡಿಯೊದಲ್ಲಿ ತೆಗೆದುಕೊಂಡು ಅದೇ ರೇಡಿಯೊದಲ್ಲಿ ಮುಂದೆ ಕಳಿಸುವುದರಿಂದ ಪ್ರತಿ ನೆಗೆತಕ್ಕೂ ವೇಗ ಸುಮಾರು ಅರ್ಧವಾಗುತ್ತದೆ. 4ಕೆ ಸಿನಿಮಾಗೆ 15ರಿಂದ 25 ಎಂಬಿಪಿಎಸ್ ಸಾಕು, ಆದರೆ ಅದು ಎಡೆಬಿಡದೆ ಸಿಗಬೇಕು. ಡಬ್ಬಿಗಳ ನಡುವೆ ತಂತಿ ಇದ್ದರೆ ಮೆಶ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಂತಿ ಎಳೆದ ಮೇಲೆ ಅದೇ ಕೆಲಸವನ್ನು ಎರಡು ಸಾದಾ ಆ್ಯಕ್ಸೆಸ್ ಪಾಯಿಂಟ್‌ಗಳು (ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಹಂಚುವ ಡಬ್ಬಿಗಳು) ಕಡಿಮೆ ದುಡ್ಡಿನಲ್ಲಿ ಮಾಡುತ್ತವೆ.

ಈಗ ತಂತಿ. ಜಗುಲಿಯಿಂದ ನಡುಮನೆ ಟಿವಿಗೆ ಎರಡು ಎಳೆ, ಮೆತ್ತಿಗೆ ಎರಡು ಎಳೆ. ಒಂದು ಸಾಲದೇ ಎನ್ನಬೇಡಿ. ಗೋಡೆ ಕೊರೆಯುವ ಶ್ರಮ ಒಂದಕ್ಕೂ ಎರಡಕ್ಕೂ ಒಂದೇ, ಇಲಿ ಒಂದನ್ನು ಕಡಿದ ದಿನ ಇನ್ನೊಂದು ಕೈಹಿಡಿಯುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರದ, 23 ಗೇಜಿನ ಕ್ಯಾಟ್ 6 ಎಂದೇ ಕೇಳಿ. ಅಗ್ಗದ ಕೇಬಲ್‌ನಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಮಾತ್ರ ಇರುತ್ತದೆ. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ. ಅದು ಬಗ್ಗಿಸಿದರೆ ಬೇಗ ಮುರಿಯುತ್ತದೆ, ನಮ್ಮ ತೇವದ ಹವೆಗೆ ತುದಿಯಲ್ಲಿ ಬೇಗ ಕೊಳೆಯುತ್ತದೆ, ಕ್ಯಾಮೆರಾಕ್ಕೆ ಅದೇ ಕೇಬಲ್‌ನಲ್ಲಿ ಕರೆಂಟು ಕಳಿಸಿದರೆ ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ.

ಹೆಂಚಿನ ಕೆಳಗೆ ಕೇಬಲ್ಲನ್ನು ಬರಿದೇ ಬಿಡಬಾರದು. 25 ಮಿ.ಮೀ. ಪಿವಿಸಿ ಪೈಪಿನಲ್ಲಿ ಹಾಕಿ, ಪೈಪಿನ ಎರಡೂ ಬಾಯಿ ಮುಚ್ಚಿ, ಒಳಗೊಂದು ನೈಲಾನ್ ದಾರ ಬಿಟ್ಟಿರಿ. ನಾಳೆ ಇನ್ನೊಂದು ಎಳೆ ಬೇಕಾದರೆ ದಾರ ಎಳೆದರಾಯಿತು. ಕರೆಂಟಿನ ವೈರಿಂಗ್‌ನಿಂದ ಒಂದು ಗೇಣು ದೂರ ಇರಲಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಲಿ. ಗೋಡೆ ಕೊರೆಯಲು 450 ಮಿ.ಮೀ. ಉದ್ದದ ಡ್ರಿಲ್ ಬಿಟ್ ಬೇಕು. ಹೊರಗೋಡೆಯಾದರೆ ತೂತು ಹೊರಗಡೆಗೆ ತುಸು ಇಳಿಜಾರಾಗಿರಲಿ, ಕೇಬಲ್ ಒಳಬರುವ ಮುನ್ನ ಕೆಳಕ್ಕೆ ಜೋತು ಬಂದು ಮೇಲೇರಲಿ. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ.

ತುದಿಗೆ ನೇರವಾಗಿ ಪ್ಲಗ್ ಒತ್ತುವುದಕ್ಕಿಂತ ಗೋಡೆಯ ಮೇಲೆ ಸಾಕೆಟ್ ಕೂರಿಸಿ, ಅಲ್ಲಿಂದ ರೆಡಿಮೇಡ್ ಪ್ಯಾಚ್ ಕಾರ್ಡ್ ಹಾಕಿ. ಬಣ್ಣದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಜೋಡಿಯ ಹೆಣಿಗೆಯನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬೇಡಿ. ಕೊನೆಗೆ ರೂಟರಿನ ಪುಟದಲ್ಲಿ ಆ ಪೋರ್ಟು 1000 ಎಂದು ತೋರಿಸುತ್ತದೆಯೇ ನೋಡಿ. 100 ಎಂದು ತೋರಿಸಿದರೆ ಸಾಮಾನ್ಯವಾಗಿ ನೀಲಿ ಅಥವಾ ಕಂದು ಜೋಡಿ ಸರಿ ಕೂತಿಲ್ಲ, ಏಕೆಂದರೆ 100ಕ್ಕೆ ಕಿತ್ತಳೆ, ಹಸಿರು ಜೋಡಿ ಎರಡೇ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಟಿವಿಯ ಮಟ್ಟಿಗೆ 100 ಎಂದೇ ಬಂದರೆ ಗಾಬರಿ ಬೇಡ; ಹೆಚ್ಚಿನ ಟಿವಿಗಳ ಎತರ್ನೆಟ್ ಪೋರ್ಟ್ ಇರುವುದೇ ಅಷ್ಟಕ್ಕೆ, ಸಿನಿಮಾಗೆ ಅದು ಧಾರಾಳ.

ಮೆತ್ತಿನ ಮೇಲೆ ಮತ್ತು ನಡುಮನೆಯಲ್ಲಿ ಒಂದೊಂದು ಆ್ಯಕ್ಸೆಸ್ ಪಾಯಿಂಟ್ ಇಡಿ. ಹಳೇ ರೂಟರ್ ಯಾವುದಾದರೂ ಇದ್ದರೆ ಅದನ್ನೇ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಬಹುದು. ಆ ಮೋಡ್ ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ (ಉಪಕರಣಗಳಿಗೆ ವಿಳಾಸ ಹಂಚುವ ಸೌಲಭ್ಯ) ಬಂದ್ ಮಾಡಿ, ತಂತಿಯನ್ನು ಲ್ಯಾನ್ ಪೋರ್ಟಿಗೇ ಹಾಕಿ. ಡಿಎಚ್‌ಸಿಪಿ ಬಂದ್ ಮಾಡಲು ಮರೆತರೆ ಎರಡು ಡಬ್ಬಿಗಳು ಪೈಪೋಟಿಯಲ್ಲಿ ವಿಳಾಸ ಹಂಚಿ ಇಡೀ ಮನೆಯ ನೆಟ್ ನಿಲ್ಲುತ್ತದೆ. ಹೆಸರು, ಪಾಸ್‌ವರ್ಡ್ ಎಲ್ಲೆಡೆ ಒಂದೇ ಇರಲಿ. 2.4ರಲ್ಲಿ ಚಾನೆಲ್ 1, 6, 11 ಒಂದೊಂದಕ್ಕೆ, ಅಗಲ 20 ಮೆಗಾಹರ್ಟ್ಸ್. ಡಬ್ಬಿಯನ್ನು ಕಬ್ಬಿಣದ ಕಪಾಟಿನ ಹಿಂದೆ, ಕನ್ನಡಿಯ ಹಿಂದೆ ಇಡಬೇಡಿ.

ಇನ್ನು ಸಿಡಿಲು. ಇದನ್ನು ನಿಧಾನವಾಗಿ ಓದಿ, ನಿಮ್ಮ ದುಡ್ಡು ಹೋದದ್ದು ಇಲ್ಲೇ.

ಟಿವಿ ಪೂರ್ತಿ ಸುಡದೆ ಒಂದು ಎಚ್‌ಡಿಎಂಐ ಪೋರ್ಟ್ ಮಾತ್ರ ಹೋಗಿದೆ ಎಂದರೆ ಹೊಡೆತ ಬಂದದ್ದು ಬಹುಶಃ ಕರೆಂಟಿನ ಪ್ಲಗ್ ಒಂದರಿಂದಲೇ ಅಲ್ಲ. ಮಾಡಿನ ಮೇಲಿನ ಡಿಶ್, ಅಲ್ಲಿಂದ ಕೇಬಲ್, ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಎಚ್‌ಡಿಎಂಐ, ಟಿವಿ: ಇದು ಅದರ ದಾರಿ. ಸಿಡಿಲು ನಿಮ್ಮ ಮನೆಗೇ ಬಡಿಯಬೇಕಿಲ್ಲ. ಒಂದು ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಹತ್ತಿರದ ತೋಟದ ಮರಕ್ಕೆ ಬಡಿದು ಅದರಲ್ಲಿ ಬರೀ 1000 ಆಂಪಿಯರ್ ನಿಮ್ಮ ಅರ್ಥ್ ಪೈಪಿನ ಪಾಲಿಗೆ ಬಂತು, ಆ ಪೈಪಿನ ರೋಧ 20 ಓಮ್ ಇದೆ ಅನ್ನಿ. ಕ್ಷಣಕಾಲ ನಿಮ್ಮ ಮನೆಯ ಅರ್ಥ್ ತಂತಿಯೇ 20,000 ವೋಲ್ಟ್‌ಗೆ ಏರುತ್ತದೆ. ಮನೆಯ ಎಲ್ಲ ಉಪಕರಣಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಏನೂ ಆಗುವುದಿಲ್ಲ. ಒಂದು ಏರಿ, ತಂತಿಯಿಂದ ಅದಕ್ಕೆ ಕಟ್ಟಿಕೊಂಡ ಇನ್ನೊಂದು ಏರದೆ ಉಳಿದರೆ ಎರಡರ ನಡುವಿನ ಪೋರ್ಟ್ ಸುಡುತ್ತದೆ. ಎತರ್ನೆಟ್ ಪೋರ್ಟಿನ ಒಳಗಿರುವ ಪುಟ್ಟ ಟ್ರಾನ್ಸ್‌ಫಾರ್ಮರ್ 1500 ವೋಲ್ಟ್ ತಡೆಯುವಂತೆ ಮಾಡಿದ್ದು. ಎಚ್‌ಡಿಎಂಐಗೆ ಅಷ್ಟೂ ರಕ್ಷಣೆ ಇಲ್ಲ.

ನಮ್ಮ ಘಟ್ಟದ ಸೀಮೆಯಲ್ಲಿ ಇದಕ್ಕೊಂದು ವಿಶೇಷ ಕಾರಣ ಸೇರುತ್ತದೆ. ಗುಡುಗಿನ ಮಳೆ ಬರುವುದು ಏಪ್ರಿಲ್, ಮೇಯಲ್ಲಿ. ಕೆಂಪುಮಣ್ಣು ವರ್ಷದಲ್ಲೇ ಅತಿ ಒಣಗಿರುವುದೂ ಆಗಲೇ. ಅರ್ಥ್ ಗುಂಡಿ ಯಾವಾಗ ಚೆನ್ನಾಗಿ ಕೆಲಸ ಮಾಡಬೇಕೋ ಆಗಲೇ ಅದರ ರೋಧ ಅತಿ ಹೆಚ್ಚು. ಜುಲೈಯಲ್ಲಿ ಅಳೆದು 4 ಓಮ್ ಇದೆ ಎಂದು ಸಮಾಧಾನಪಡಬೇಡಿ. ಮಾರ್ಚ್ ಕೊನೆಯಲ್ಲಿ ಅಳೆಸಿ. ಮೀಟರ್ ಇರುವ ಲೈಸೆನ್ಸ್‌ದಾರ ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಅಳೆಯುತ್ತಾರೆ. 5 ಓಮ್ ಒಳಗೆ ತರಲು ನೋಡಿ. ಒಂದು ಗುಂಡಿಯಲ್ಲಿ ಆಗದಿದ್ದರೆ 3 ಮೀಟರ್‌ನ ಇನ್ನೊಂದು ರಾಡನ್ನು ಮೊದಲಿನದರಿಂದ 6 ಮೀಟರ್ ದೂರ ಇಳಿಸಿ, ಎರಡನ್ನೂ ತಾಮ್ರದಲ್ಲಿ ಕೂಡಿಸಿ. ಬಚ್ಚಲ ನೀರು ಹರಿಯುವ ಕಡೆ ತೇವ ಉಳಿಯುತ್ತದೆ, ಅಂಥ ಜಾಗ ಆರಿಸಿ. ಉಪ್ಪು ಸುರಿಯುವ ಹಳೇ ಪದ್ಧತಿಯಲ್ಲಿ ಪೈಪೇ ಕೆಲ ವರ್ಷಕ್ಕೆ ತಿಂದುಹೋಗುತ್ತದೆ. ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಯ ಪುಡಿ ತುಂಬಿಸುವುದು ಮೇಲು.

ಆಮೇಲೆ ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ರಕ್ಷಕ (ದಿಢೀರನೆ ಏರುವ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ): 40 ಕಿಲೊ ಆಂಪಿಯರ್, 320 ವೋಲ್ಟ್‌ನದು. ಹಳ್ಳಿಯ ಲೈನಿನಲ್ಲಿ ರಾತ್ರಿ ವೋಲ್ಟೇಜ್ 260 ದಾಟುವುದುಂಟು, ಅದಕ್ಕೇ 275ರದು ಬೇಡ. ಇದನ್ನು ಕೂರಿಸುವಾಗ ಆಗುವ ಒಂದೇ ದೊಡ್ಡ ತಪ್ಪು ಉದ್ದ ತಂತಿ. ಸಿಡಿಲಿನ ವೇಗದ ಪ್ರವಾಹಕ್ಕೆ ಒಂದು ಮೀಟರ್ ನೆಟ್ಟನೆಯ ತಂತಿಯೂ ದೊಡ್ಡ ಅಡ್ಡಿ. ಮೈಕ್ರೊಸೆಕೆಂಡಿಗೆ 1000 ಆಂಪಿಯರ್ ಏರಿದರೆ ಆ ಒಂದು ಮೀಟರ್ ಮೇಲೇ ಸುಮಾರು 1000 ವೋಲ್ಟ್ ನಿಲ್ಲುತ್ತದೆ. ರಕ್ಷಕದ ಎರಡೂ ಕಡೆಯ ತಂತಿ ಸೇರಿ ಅರ್ಧ ಮೀಟರ್ ಒಳಗಿರಲಿ, ಚೆಂದಕ್ಕೆಂದು ಸುರುಳಿ ಸುತ್ತಬಾರದು. ಹಸಿರು ಕಿಟಕಿ ಕೆಂಪಾದರೆ ಅದರ ಆಯುಷ್ಯ ಮುಗಿಯಿತು, ಕಾರ್ಟ್ರಿಜ್ ಬದಲಿಸಿ. ಮರ ಬಿದ್ದು ನ್ಯೂಟ್ರಲ್ ಕಡಿದು 400 ವೋಲ್ಟ್ ಬಂದರೆ ಇದು ಕಾಯುವುದಿಲ್ಲ. ಅದಕ್ಕೆ ಓವರ್ ವೋಲ್ಟೇಜ್ ಕಟ್‌ಆಫ್ ಬೇರೆಯೇ ಬೇಕು.

ಡಿಶ್‌ನ ಕಂಬವನ್ನು 6 ಚದರ ಮಿ.ಮೀ. ತಾಮ್ರದ ತಂತಿಯಿಂದ ಅದೇ ಮೇನ್ ಅರ್ಥ್‌ಗೆ ಕಟ್ಟಿ. ಅದಕ್ಕೊಂದು ಪ್ರತ್ಯೇಕ ಗುಂಡಿ ತೋಡಿ ಬಿಟ್ಟುಬಿಟ್ಟರೆ ಮೇಲೆ ಹೇಳಿದ ‘ಒಂದು ಏರಿ ಇನ್ನೊಂದು ಏರದ’ ಪರಿಸ್ಥಿತಿಯನ್ನು ನಾವೇ ಮಾಡಿಕೊಂಡಂತೆ. ಫೈಬರ್ ಗಾಜು, ಸಿಡಿಲು ಒಯ್ಯುವುದಿಲ್ಲ, ನಿಜ. ಆದರೆ ಕಂಬದಿಂದ ಬರುವ ಕಪ್ಪು ಕೇಬಲ್ ಒಳಗೆ ಅದನ್ನು ಎಳೆದು ಹಿಡಿಯುವ ಉಕ್ಕಿನ ತಂತಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕತ್ತರಿಸಿ ನಿಲ್ಲಿಸಲು ಹೇಳಿ. ಡಬ್ಬಿಯ ತನಕ ಉಕ್ಕು ಬರಬಾರದು. ಇಷ್ಟೆಲ್ಲ ಮಾಡಿದ ಮೇಲೂ ಸಿಡಿಲಿನ ದಿನ ಪ್ಲಗ್ ಕೀಳಲೇಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿ.ಮೀ. ಒಳಗಿದೆ. ಪ್ಲಗ್ ಮತ್ತು ಡಿಶ್ ಕೇಬಲ್ ಕೀಳುವ ಕೆಲಸ ಮೋಡ ಕವಿಯುವಾಗಲೇ ಮುಗಿಯಬೇಕು, ಗುಡುಗು ಶುರುವಾದ ಮೇಲೆ ತಂತಿಗೆ ಕೈ ಹಾಕಬೇಡಿ. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚಿನ ಮಿಲಿಮೀಟರ್ ಸಂದು ಸಿಡಿಲಿಗೆ ಲೆಕ್ಕವೇ ಅಲ್ಲ.

ಗೋದಾಮಿಗೆ ಕ್ಯಾಟ್ 6 ಎಳೆಯಲೇಬೇಡಿ. 60 ಮೀಟರ್ ಅದರ 100 ಮೀಟರ್ ಮಿತಿಯೊಳಗಿದೆ, ಕ್ಯಾಮೆರಾ ನಡೆಯುತ್ತದೆ, ಆದರೆ ಹತ್ತಿರದ ಮೊದಲ ಸಿಡಿಲಿಗೇ ಎರಡೂ ತುದಿ ಸುಡಬಹುದು, ಏಕೆಂದರೆ ಎರಡು ಕಟ್ಟಡ ಎಂದರೆ ಎರಡು ಬೇರೆ ಬೇರೆ ಅರ್ಥ್. ಬೇಕಾದದ್ದು ಒಂದು ಜೋಡಿ ಸಿಂಗಲ್ ಮೋಡ್ ಮೀಡಿಯಾ ಕನ್ವರ್ಟರ್ (ಎತರ್ನೆಟ್ ಸಂಕೇತವನ್ನು ಬೆಳಕಿಗೆ ಬದಲಿಸುವ ಡಬ್ಬಿ) ಮತ್ತು ಲೋಹವಿಲ್ಲದ ಹೊರಾಂಗಣ ಫೈಬರ್ 80 ಮೀಟರ್. ಜೋಡಿಯಲ್ಲಿ ಒಂದು 1310 ನ್ಯಾನೊಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಪಡೆಯುತ್ತದೆ, ಇನ್ನೊಂದು ತಿರುಗಮುರುಗ. ಎರಡೂ ಒಂದೇ ಬಗೆಯದಾದರೆ ದೀಪವೇ ಹತ್ತುವುದಿಲ್ಲ. ತುದಿಯ ಬಣ್ಣ ಗಮನಿಸಿ. ಇಂಟರ್ನೆಟ್ ಡಬ್ಬಿಯ ಹಸಿರು ಕನೆಕ್ಟರ್‌ನ ಗಾಜು 8 ಡಿಗ್ರಿ ಓರೆಯಾಗಿರುತ್ತದೆ, ಕನ್ವರ್ಟರ್‌ಗೆ ಬೇಕಾದದ್ದು ನೀಲಿ, ನೆಟ್ಟನೆಯದು. ಹಸಿರನ್ನು ನೀಲಿಗೆ ತುರುಕಿದರೆ ಬೆಳಕು ಸೋರುತ್ತದೆ, ಗಾಜಿನ ಮುಖವೂ ಹಾಳಾಗುತ್ತದೆ. ತುದಿ ಜೋಡಿಸುವ ಕೆಲಸವನ್ನು ಫ್ಯೂಷನ್ ಯಂತ್ರವಿರುವ ಲೈನ್‌ಮನ್ ಹತ್ತಿರ ಮಾಡಿಸಿ. ಕೇಬಲ್ಲನ್ನು ತೋಟಕ್ಕೆ ತಂದ ಡ್ರಿಪ್‌ನ ಕಪ್ಪು ಪೈಪಿನೊಳಗೆ ತೂರಿಸಿ ಎರಡು ಅಡಿ ಆಳದಲ್ಲಿ ಹೂಳಿ. ಮೇಲೆ ಕಟ್ಟಿದರೆ ಸೋಗೆ ಬಿದ್ದು, ಮಂಗ ಜೋತಾಡಿ ಕಡಿಯುತ್ತದೆ. ತಿರುವಿನಲ್ಲಿ ಟೀ ಲೋಟದ ಬಾಯಿಗಿಂತ ಬಿಗಿಯಾಗಿ ಬಗ್ಗಿಸಬೇಡಿ. ಗೋದಾಮಿಗೆ ಕರೆಂಟು ಮನೆಯಿಂದಲೇ ಹೋಗುತ್ತಿದ್ದರೆ ಅಲ್ಲಿಯ ಬೋರ್ಡಿಗೂ ಒಂದು ಸರ್ಜ್ ರಕ್ಷಕ ಬೇಕು.

ಕರೆಂಟು ಹೋದಾಗ ನೆಟ್ ಉಳಿಯಲು 12 ವೋಲ್ಟ್‌ನ ಪುಟ್ಟ ಡಿಸಿ ಯುಪಿಎಸ್ ಸಾಕು. 2600 ಎಂಎಎಚ್‌ನ ಮೂರು ಸೆಲ್ ಎಂದರೆ ಸುಮಾರು 29 ವಾಟ್-ಅವರ್, ನಷ್ಟ ಕಳೆದು 24. ಫೈಬರ್ ಡಬ್ಬಿ ಒಂದೇ ಆದರೆ ಎರಡು ಮೂರು ಗಂಟೆ ಬರುತ್ತದೆ. ಕೊಳ್ಳುವ ಮೊದಲು ಪಿನ್ನಿನ ಅಳತೆ ನೋಡಿ, 5.5×2.1 ಮತ್ತು 5.5×2.5 ನೋಡಲು ಒಂದೇ ಥರ.

ಸೌಂಡ್‌ಬಾರ್ ವಿಷಯದಲ್ಲಿ ಮೇಲ್ಮುಖ ಸ್ಪೀಕರ್‌ಗಳ ಅಟ್ಮಾಸ್ ನಿಮ್ಮ ಮನೆಗೆ ದಂಡ. ಅದು ಚಪ್ಪಟೆ ತಾರಸಿಗೆ ಸದ್ದು ಬಡಿಸಿ ಕೆಳಗೆ ತರುವ ಉಪಾಯ. ಇಳಿಜಾರು ಹೆಂಚಿಗೆ ಬಡಿದ ಸದ್ದು ಎತ್ತೆತ್ತಲೋ ಹೋಗುತ್ತದೆ. ಮಧ್ಯದಲ್ಲಿ ಮಾತಿಗೆಂದೇ ಪ್ರತ್ಯೇಕ ಸ್ಪೀಕರ್ ಇರುವ 3.1 ಬಾರ್ ತನ್ನಿ. ಹೆಂಚಿನ ಮೇಲೆ ಜಡಿಮಳೆ ಹೊಯ್ಯುವಾಗ ಕೇಳದೆ ಹೋಗುವುದು ಮಾತೇ. ಟಿವಿಯಲ್ಲಿ ಹೋಗಿರುವ ಪೋರ್ಟ್ ಸೌಂಡ್‌ಬಾರಿಗೆ ಸದ್ದು ಕಳಿಸುವ, ಆರ್ಕ್ (ARC) ಎಂದು ಬರೆದದ್ದೇ ಆಗಿದ್ದರೆ ಚಿಂತೆಯಿಲ್ಲ, ಆಪ್ಟಿಕಲ್ ಕೇಬಲ್‌ನಿಂದ ಜೋಡಿಸಿ. ಸಾದಾ 5.1 ಅದರಲ್ಲಿ ಬರುತ್ತದೆ, ಬೆಳಕಿನ ಕೇಬಲ್ ಆದ್ದರಿಂದ ಸಿಡಿಲು ಆ ದಾರಿಯಲ್ಲಿ ದಾಟುವುದಿಲ್ಲ. ಟಿವಿಯನ್ನು ಚಿರೇಕಲ್ಲಿಗೆ ತೂಗುಹಾಕುವುದಾದರೆ ಹಿಗ್ಗುವ ಕಬ್ಬಿಣದ ಬೋಲ್ಟ್ ಬೇಡ, ಮೆತ್ತನೆ ಕಲ್ಲು ಪುಡಿಯಾಗಿ ಸಡಿಲವಾಗುತ್ತದೆ. 10×100ರ ಉದ್ದ ನೈಲಾನ್ ಪ್ಲಗ್ ಅಥವಾ ಕೆಮಿಕಲ್ ಆಂಕರ್ ಹಾಕಿ. ಗೋಡೆಗೂ ಟಿವಿಗೂ ನಡುವೆ ಎರಡು ಇಂಚು ಗಾಳಿ ಆಡಲಿ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಎಲ್ಲವನ್ನೂ ಚಾಲೂ ಇಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಕಾರವಾರ, ಕುಮಟಾ ಕಡಲಂಚಿನ ಮನೆಗಳಲ್ಲಾದರೆ ಉಪ್ಪುಗಾಳಿಗೆ ಎತರ್ನೆಟ್ ಪಿನ್ನುಗಳೇ ಹಸಿರುಗಟ್ಟುತ್ತವೆ. ಅಲ್ಲಿ ಚಿನ್ನದ ಲೇಪ ದಪ್ಪವಿರುವ ಸಾಕೆಟ್ ಬೇಕು, ಖಾಲಿ ಪೋರ್ಟಿಗೆ ರಬ್ಬರ್ ಮುಚ್ಚಳ ಬೇಕು.

ಯಕ್ಷಗಾನದ ವಿಡಿಯೊಗಳಿಗೆ ಹಳೇ ಲ್ಯಾಪ್‌ಟಾಪ್ ಒಂದರಲ್ಲಿ ಜೆಲ್ಲಿಫಿನ್ ಎಂಬ ತಂತ್ರಾಂಶ ಹಾಕಿ, ಅದನ್ನು ತಂತಿಯಿಂದ ರೂಟರಿಗೆ ಜೋಡಿಸಿ. ಅದೇ ಆ್ಯಪ್ ಹಾಕಿದ ಟಿವಿಗಳಲ್ಲೆಲ್ಲ ಪಟ್ಟಿ ಕಾಣುತ್ತದೆ. ಹಳೇ ಕ್ಯಾಮ್‌ಕಾರ್ಡರ್ ಫೈಲುಗಳನ್ನು ಎಷ್ಟೋ ಸಲ ಟಿವಿ ನೇರ ಆಡಿಸುವುದಿಲ್ಲ, ಆಡಿಸಿದರೂ ಕುಣಿತದ ವೇಗಕ್ಕೆ ಗೆರೆಗೆರೆ ಕಾಣುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಡಿಇಂಟರ್ಲೇಸ್ ಮಾಡಿ (ಆ ಗೆರೆ ತೆಗೆದು) ಎಚ್.264 ವಿಡಿಯೊ ರೂಪಕ್ಕೆ ಒಂದೇ ಸಲ ಪರಿವರ್ತಿಸಿ, ಮೂಲ ಫೈಲು ಅಳಿಸಬೇಡಿ. ಡಿಸ್ಕ್ ಹಳೇ ಫ್ಯಾಟ್32 ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ, ಇಡೀ ರಾತ್ರಿಯ ಆಟ ಇದ್ದಲ್ಲಿ ಇದು ಮೊದಲು ಎದುರಾಗುವ ತೊಡಕು. ಯುಎಸ್‌ಬಿ 3 ಡಿಸ್ಕನ್ನು ವೈಫೈ ಡಬ್ಬಿಯಿಂದ ಒಂದು ಮೊಳ ದೂರ ಇಡಿ, ಅದರ ಕೇಬಲ್ 2.4 ಗಿಗಾಹರ್ಟ್ಸ್‌ಗೆ ಗದ್ದಲ ಎಬ್ಬಿಸುತ್ತದೆ. ಇನ್ನೊಂದು ಡಿಸ್ಕಿಗೆ ಪೂರ್ತಿ ನಕಲು ಮಾಡಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಬೇರೆ ಊರಿನ ನೆಂಟರ ಮನೆಯಲ್ಲಿಡಿ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಅದನ್ನು ತಂದು ಒಂದೆರಡು ಫೈಲು ತೆರೆದು ನೋಡಿ.